ಕಾವು ಹಿಡಿದ ಮೂಟೆಯ ವಾಸನೆ

ಬೊಂಬಾಯಿಯ ಸಮುದ್ರಕ್ಕೆ ಮುಖ ಮಾಡಿದ ಒಂದು ದೊಡ್ಡ ಹೋಟೆಲಿನ ಒಂಬತ್ತನೆಯ ಮಹಡಿ. ಇಟಲಿ ದೇಶದ ಊಟ ಬಡಿಸುವ ಕೋಣೆ. ಗಂಜಿ ಹಾಕಿದ ಬಿಳಿ ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಾಗ ನನಗೆ ಅರಸೀಕೆರೆಯ ನಮ್ಮ ಕೊಬ್ಬರಿ ಮಂಡಿಯ ವಾಸನೆ ಬಂತು. ಒಳ್ಳೆಯ ಕೊಬ್ಬರಿಯ ವಾಸನೆಯಲ್ಲ. ಮೂಟೆಯೊಂದು ಒಳಗಿಂದೊಳಗೇ ಕಾವು ಹಿಡಿದಾಗ ಬರುವ, ಗಂಟಲ ಹಿಂಭಾಗಕ್ಕೆ ಮೆತ್ತಿಕೊಳ್ಳುವ ಕಮಟು ವಾಸನೆ. ಆ ಕೋಣೆಯಲ್ಲಿ ಕೊಬ್ಬರಿಯ ಒಂದು ಚೂರೂ ಇರಲಿಲ್ಲ.

ಇದಾಗಿ ಮೂರು ತಿಂಗಳಾಯಿತು. ಊರಿನಲ್ಲಿ ನನ್ನನ್ನು ಬಲ್ಲವರು ‘ಬೊಂಬಾಯಿ ಹೇಗಿದೆ?’ ಎಂದು ಕಾಗದದಲ್ಲಿ ಕೇಳಿದಾಗಲೆಲ್ಲ ಸಮುದ್ರ, ಲೋಕಲ್ ರೈಲು, ಜನಜಂಗುಳಿ ಎಂದು ಬರೆದು ಮುಗಿಸುತ್ತಿದ್ದೆ. ಆದರೆ ದಿನಕ್ಕೊಮ್ಮೆಯಾದರೂ ನನ್ನ ಮನಸ್ಸು ಆ ಕುರ್ಚಿಗೇ ಹೋಗಿ ಕೂರುತ್ತದೆ. ವಾಸನೆ ಬರುತ್ತದೆ. ನಾನು ಸುಮ್ಮನಿರುತ್ತೇನೆ.

ಮದುವೆಯಾಗಿ ಬೊಂಬಾಯಿಗೆ ಬಂದಾಗ ಹಾಸನದ ಕಾಲೇಜಿನಲ್ಲಿ ಓದಿದ ಬಿ.ಎಸ್ಸಿ. ಬಿಟ್ಟರೆ ನನ್ನ ಬಳಿ ಇದ್ದದ್ದು ಮೂಗು ಮಾತ್ರ. ನಮ್ಮ ಯಜಮಾನರು ಹಳೇಬೀಡಿನವರು, ಒಂದು ಔಷಧಿ ಕಂಪನಿಯಲ್ಲಿ ನೌಕರಿ. ದಾದರಿನ ಒಂದು ಚಾಳಿನಲ್ಲಿ, ನಮ್ಮ ಕಡೆಯ ವಠಾರದಂಥದರಲ್ಲಿ, ನಮಗೊಂದು ‘ಖೋಲಿ’. ಖೋಲಿ ಅಂದರೆ ಕೋಣೆ. ಆದರೆ ಅಲ್ಲಿ ಅದೇ ಮನೆ. ಅಡುಗೆ, ಸ್ನಾನ, ನಿದ್ದೆ, ನೆಂಟರು ಎಲ್ಲವೂ ಅದರೊಳಗೇ. ಅರಸೀಕೆರೆಯ ನಮ್ಮ ಮನೆಯಲ್ಲಿ ತೆಂಗಿನಕಾಯಿ ಒಣಗಲು ಬಿಡುವ ಅಟ್ಟವೇ ಇದರ ನಾಲ್ಕರಷ್ಟಿದೆ. ಬೆಳಗಿನ ಜಾವ ಯಾರೋ ‘ಪಾಣಿ ಆಲಂ’, ನೀರು ಬಂತು, ಎಂದು ಕೂಗಿದರೆ ಇಡೀ ಚಾಳು ಕೊಡ ಹಿಡಿದು ಓಡುತ್ತಿತ್ತು. ನಾನು ಕಲಿತ ಮೊದಲ ಮರಾಠಿ ಅದು.

ಎಲ್ಲದರ ಮೇಲೂ ನನಗೆ ಅನುಮಾನ. ಹಾಲಿಗೆ ಯಾವ ನೀರು ಸೇರಿಸಿದ್ದಾರೋ, ಪಕ್ಕದ ಖೋಲಿಯವರು ಕೊಟ್ಟ ಪಲ್ಯಕ್ಕೆ ಒಣಮೀನು ಹುರಿದ ಬಾಣಲೆಯನ್ನೇ ಬಳಸಿದ್ದಾರೋ ಏನೋ. ನಗುನಗುತ್ತಾ ಮಾತಾಡಿಸುವವರ ಮೇಲೆ ಇನ್ನೂ ಹೆಚ್ಚು ಅನುಮಾನ. ಊರಿನಲ್ಲಿ ಎದುರಿಗೆ ಬಂದವರು ಯಾರ ಮಗಳು, ಯಾವ ಮಠದ ಒಕ್ಕಲು ಎಂಬುದು ಗೊತ್ತಿರುತ್ತಿತ್ತು. ಇಲ್ಲಿ ಗೊತ್ತಿಲ್ಲದ ಕಾರಣ ಎಲ್ಲವನ್ನೂ ಮೂಸಿ ನೋಡುವುದು ಅಭ್ಯಾಸವಾಯಿತು. ಒಮ್ಮೆ ಕಿರಾಣಿ ಅಂಗಡಿಯಲ್ಲಿ ಕೊಬ್ಬರಿ ಎಣ್ಣೆಯ ಡಬ್ಬ ಮೂಸಿ, ‘ಇದರಲ್ಲಿ ಬೇರೆ ಎಣ್ಣೆ ಬೆರೆಸಿದೆ’ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿಬಿಟ್ಟೆ. ಅಂಗಡಿಯವನು ಕೂಗಾಡಿದ, ಆಮೇಲೆ ಒಳಗಿನಿಂದ ಬೇರೆ ಡಬ್ಬ ತಂದುಕೊಟ್ಟ. ಅಂದಿನಿಂದ ‘ಬಾಯಿ, ನೀವೇ ನೋಡಿ ತಗೊಳ್ಳಿ’ ಎನ್ನುತ್ತಿದ್ದ. ಬಾಯಿ ಅಂದರೆ ಅಲ್ಲಿ ಅಮ್ಮ. ಬೊಂಬಾಯಿಯಲ್ಲಿ ನಾನು ಗೆದ್ದ ಮೊದಲ ಜಗಳ ಅದು. ಯಜಮಾನರಿಗೆ ಮಾತ್ರ ಅವಮಾನ.

‘ನಾಯಿ ಥರ ಮೂಸ್ಬೇಡ ಕಣೇ. ಜನ ನೋಡ್ತಾರೆ.’

‘ನೋಡ್ಲಿ ಬಿಡ್ರೀ. ಮೋಸ ಮಾಡೋರಿಗೆ ಇಲ್ದಿರೋ ನಾಚಿಕೆ ನನಗ್ಯಾಕೆ?’

ಹೀಗಿರುವಾಗ ಅವರ ಮೇಲಧಿಕಾರಿ ದಸ್ತೂರ್ ಸಾಹೇಬರು ನಮ್ಮಿಬ್ಬರನ್ನೂ ಭಾನುವಾರ ಮಧ್ಯಾಹ್ನದ ಊಟಕ್ಕೆ ಕರೆದರು. ಕಂಪನಿಯ ಕ್ವಾರ್ಟರ್ಸಿನಲ್ಲಿ ಒಂದು ಮನೆ ಖಾಲಿಯಾಗಿತ್ತು. ಎರಡು ಕೋಣೆ, ಒಳಗೇ ನಲ್ಲಿ. ಅದು ಯಾರಿಗೆ ಎಂದು ತೀರ್ಮಾನಿಸುವವರು ದಸ್ತೂರ್. ಅದನ್ನು ಕೇಳುತ್ತಿದ್ದವರು ಇನ್ನೂ ಮೂವರಿದ್ದರು. ನಾನಾಗ ಐದು ತಿಂಗಳ ಬಸುರಿ. ಮಗುವನ್ನು ಆ ಖೋಲಿಗೆ ತರಬೇಕೋ ಒಳಗೇ ನಲ್ಲಿ ಇರುವ ಮನೆಗೋ ಎಂಬುದು ಒಂದು ಊಟದ ಮೇಲೆ ನಿಂತಂತಿತ್ತು.

‘ಒಂದೇ ಒಂದು ಮಾತು ನಡೆಸಿಕೊಡು. ಇವತ್ತೊಂದಿನ ಏನನ್ನೂ ಮೂಸ್ಬೇಡ,’ ಎಂದರು ಯಜಮಾನರು ಬಸ್ಸಿನಲ್ಲಿ.

‘ಸರಿ’ ಎಂದೆ.

ಆ ಹೋಟೆಲಿನ ಬಾಗಿಲಲ್ಲೇ ಸುಣ್ಣದಲ್ಲಿ ಮಾಡಿದ ಹೆಂಗಸಿನ ಬೊಂಬೆಯೊಂದು ನಿಂತಿತ್ತು. ಬೇಲೂರಿನ ಶಿಲಾಬಾಲಿಕೆಯರನ್ನು ಕಂಡು ಬೆಳೆದವಳಿಗೆ ಅದರ ಮೊಣಕೈ ತಿದ್ದಬೇಕೆನ್ನಿಸಿತು. ಒಳಗೆ ಮಧ್ಯಾಹ್ನದಲ್ಲೂ ಮಬ್ಬು ಬೆಳಕು. ಊಟ ಕಾಣದ ಹಾಗೆ ಯಾಕೆ ಬಡಿಸುತ್ತಾರೆ? ಊರಿನಲ್ಲಿ ನೆಂಟರು ಬಂದರೆ ಇನ್ನೊಂದು ದೀಪ ಹಚ್ಚುತ್ತೇವೆ. ನಮ್ಮ ಪಂಕ್ತಿಯಲ್ಲಿ ಎಲೆ ಮೊದಲು, ಮಾತು ಆಮೇಲೆ; ಇಲ್ಲಿ ಮಾತೇ ಊಟದಂತೆ ನಡೆಯುತ್ತಿತ್ತು, ಎಲೆಯ ಸುಳಿವೇ ಇಲ್ಲ. ಮೊದಲು ಬಂದದ್ದು ಬ್ರೆಡ್ಡು, ಪಕ್ಕದಲ್ಲಿ ಒಂದು ಬಟ್ಟಲು ಹಸಿರು ಎಣ್ಣೆ. ಆಲಿವ್ ಎಂಬ ಕಾಯಿಯದಂತೆ. ಬೆಂಕಿ ಕಾಣದ ಎಣ್ಣೆಯನ್ನು ಹಾಗೇ ಅದ್ದಿಕೊಂಡು ತಿನ್ನಬೇಕು. ಮಿಸೆಸ್ ದಸ್ತೂರ್ ತಿಂದು ಬೆರಳುಗಳನ್ನು ಬಿಳಿ ಬಟ್ಟೆಗೆ ಒರೆಸಿಕೊಂಡರು. ಬಡಿಸುವವನು ಚೆಲ್ಲಿದ ಎಣ್ಣೆಯನ್ನು ಇನ್ನೊಂದು ಬಿಳಿ ಬಟ್ಟೆಯಿಂದ ಒರೆಸಿದ. ಅಷ್ಟು ಬಿಳಿ ಬಟ್ಟೆಗೆ ಅಷ್ಟು ಎಣ್ಣೆ ಕುಡಿಸಿದರೆ ಒಗೆಯುವವರ ಗತಿ ಏನು ಎಂದು ಆಗಲೇ ಅಂದುಕೊಂಡಿದ್ದೆ.

ಬಡಿಸುವವನಿಗೆ ಮೂವತ್ತೈದು ದಾಟಿರಬಹುದು. ನಮ್ಮ ಕಡೆಗೇ ಕಿವಿ ಇಟ್ಟ ಹಾಗಿದ್ದ. ಇವನ ಮೇಲೂ ಅನುಮಾನ ಬಂತು. ನಾನು ಮೆಲ್ಲಗೆ, ‘ರೀ, ಈ ಸೂಪಿನಲ್ಲಿ ಏನಿದೆಯೋ,’ ಎಂದದ್ದೇ ತಡ, ಅವನು ನನ್ನ ತಟ್ಟೆ ಸರಿಪಡಿಸುವ ನೆಪದಲ್ಲಿ ಬಗ್ಗಿದ.

‘ಅದು ಬೇಡ ಅಮ್ಮ. ತರಕಾರಿದೇ, ಆದರೆ ಕೋಳಿ ಬೇಯಿಸಿದ ನೀರು ಉಂಟು. ನಿಮಗೆ ಬೇರೆ ತರುತ್ತೇನೆ.’

ಕನ್ನಡ! ಕಾರ್ಕಳದ ಕಡೆಯವನಂತೆ, ಹೆಸರು ಶೇಖರ. ಸೂಪಿನ ಬದಲು ಟೊಮೆಟೊ ಸಾರು ಸುರಿದ ಉದ್ದ ಶಾವಿಗೆ ತಂದಿಟ್ಟ. ಕಾಯಿಹಾಲಿಲ್ಲದ ಆ ಶಾವಿಗೆಯನ್ನು ಮುಳ್ಳುಚಮಚಕ್ಕೆ ಸುತ್ತಲು ಹೋಗಿ ನಾನು ಸೋತಾಗ, ‘ಕತ್ತರಿಸಿ ತಿನ್ನಿ ಅಮ್ಮ, ಇಟಲಿಯವರು ಯಾರೂ ಇಲ್ಲಿಲ್ಲ, ಅಡುಗೆಯವನೂ ಗೋವೆಯವನೇ,’ ಎಂದು ಪಿಸುಗುಟ್ಟಿದ. ಬೊಂಬಾಯಿಗೆ ಬಂದ ಮೇಲೆ ನಾನು ಅಷ್ಟು ನಕ್ಕದ್ದು ಅದೇ ಮೊದಲು.

ಆಗ ಆ ವಾಸನೆ ಬಂತು.

ನನ್ನ ಬೆನ್ನ ಹಿಂದೆ ಗೋಡೆಗೆ ಕೂಡಿಸಿದ ಮರದ ಬೀರು. ಶೇಖರ ಅದರಿಂದಲೇ ಮಡಿಸಿದ ಬಟ್ಟೆ ತೆಗೆಯುವುದನ್ನು ನೋಡಿದ್ದೆ. ತಲೆ ಸ್ವಲ್ಪ ಹಿಂದಕ್ಕೆ ಒರಗಿಸಿದೆ. ಅದೇ ಕಮಟು.

ನಮ್ಮ ಮಂಡಿಯಲ್ಲಿ ಒಂದು ಪದ್ಧತಿ. ಸರಿಯಾಗಿ ಒಣಗದ ಕೊಬ್ಬರಿಯ ಮೂಟೆಗಳನ್ನು ಗಾಳಿಯಾಡದ ಹಾಗೆ ಒಟ್ಟಿದರೆ ಒಳಗೇ ಕಾವು ಹುಟ್ಟುತ್ತದೆ. ಎಣ್ಣೆ ಹೀರಿದ ಗೋಣಿಚೀಲಗಳ ರಾಶಿಯೂ ಹಾಗೇ. ಹೊರಗೆ ಏನೂ ಕಾಣುವುದಿಲ್ಲ; ಹಾಗೇ ಬಿಟ್ಟರೆ ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬಾಗಿಲು ಹಾಕುವ ಮುಂಚೆ ಅಪ್ಪ ಮೂಟೆಗಳ ಸಂದಿಗೆ ಮೊಣಕೈವರೆಗೆ ಕೈ ತೂರಿಸಿ ನೋಡುತ್ತಾರೆ. ಚಿಕ್ಕಂದಿನಲ್ಲಿ ನನ್ನ ಕೈ ಸಣ್ಣದು, ಒಳಗೆ ಇನ್ನೂ ದೂರ ಹೋಗುತ್ತದೆ ಎಂದು ನನ್ನಿಂದಲೇ ನೋಡಿಸುತ್ತಿದ್ದರು. ‘ಮೂಗಿಗೆ ಬಂದ್ರೆ ಕೂಗ್ಬುಡು ಮಗಾ. ಯಾರು ಏನಂದಾರು ಅಂತ ನೋಡ್ಬ್ಯಾಡ. ಸುಳ್ಳಾದ್ರೆ ನಕ್ಕೊಂಡು ಮನೆಗೆ ಹೋಗಾನ,’ ಎನ್ನುತ್ತಿದ್ದರು.

ನಾನು ಕೂಗಲಿಲ್ಲ.

ದಸ್ತೂರ್ ಸಾಹೇಬರು ಆಗಷ್ಟೇ ಕ್ವಾರ್ಟರ್ಸಿನ ಮಾತು ತೆಗೆದಿದ್ದರು. ಯಜಮಾನರ ಮುಖ ಅರಳಿತ್ತು. ಈಗ ನಾನು ಮೂಗು ಹಿಡಿದು ‘ವಾಸನೆ’ ಎಂದರೆ? ಚೀಸ್ ಎಂಬ ಇಟಲಿಯ ಗಿಣ್ಣಿನ ವಾಸನೆಯೇ ಹೀಗಿರಬಹುದು ಎಂದುಕೊಂಡೆ. ಸಿಕ್ಕ ಸಿಕ್ಕದ್ದನ್ನೆಲ್ಲ ಅನುಮಾನಿಸಿ ಅನುಮಾನಿಸಿ ನನ್ನ ಅನುಮಾನದ ಮೇಲೇ ನನಗೆ ಅನುಮಾನ ಬಂದುಬಿಟ್ಟಿತ್ತು. ಶಾವಿಗೆ ಕತ್ತರಿಸಿದೆ. ತಿಂದೆ. ತಟ್ಟೆ ತೆಗೆದರು. ಇನ್ನೊಂದು ತಟ್ಟೆ ಬಂತು, ಅದೂ ಹೋಯಿತು. ಮಿಸೆಸ್ ದಸ್ತೂರ್ ಕೇಳಿದ್ದಕ್ಕೆ ಹಳೇಬೀಡಿನ ಗುಡಿ ಎಷ್ಟು ಹಳೆಯದು ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಮೆಚ್ಚಿಕೊಂಡರು. ಅಷ್ಟೂ ಹೊತ್ತು ಬೆನ್ನ ಹಿಂದೆ ಅದು ಬಲಿಯುತ್ತಿತ್ತು.

ಕಡೆಗೆ ನನ್ನ ಕುರ್ಚಿಯ ಬೆನ್ನು ಬೆಚ್ಚಗಾದ ಹಾಗನ್ನಿಸಿತು. ಶೇಖರ ಹತ್ತಿರ ಬಂದಾಗ ಕನ್ನಡದಲ್ಲಿ ಹೇಳಿದೆ.

‘ಆ ಬೀರಿನೊಳಗೆ ಏನೋ ಕಾವು ಹಿಡಿದಿದೆ. ನೋಡ್ತೀರಾ?’

‘ಬೀರಿನಲ್ಲಾ? ಬಟ್ಟೆ ಮಾತ್ರ ಉಂಟಮ್ಮ. ಈಗ ಬೆಳಿಗ್ಗೆ ಒಗೆದು ಬಂದದ್ದು.’

‘ಆದ್ರೂ ನೋಡಿ.’

ಅವನು ನಕ್ಕ. ನನ್ನ ಸಮಾಧಾನಕ್ಕೆಂದೇ ಹೋಗಿ ಎರಡೂ ಕೈಯಿಂದ ಬಾಗಿಲು ತೆಗೆದ. ಒಳಗೆ ಹೊಗೆಯಾಡುತ್ತಿದ್ದ ಬಟ್ಟೆಗೆ ಗಾಳಿ ಸಿಕ್ಕಿತು. ಉಸಿರೆಳೆದುಕೊಂಡ ಹಾಗೆ ಒಂದು ಸದ್ದು, ಅಷ್ಟೇ. ಬೆಂಕಿ ಅವನ ಕೈಗಳ ಮೇಲೆ ಬಿತ್ತು. ಪಕ್ಕದ ಪರದೆ ಹತ್ತಿಕೊಂಡಿತು. ಯಾರೋ ಬೊಬ್ಬೆ ಹಾಕಿದರು, ಕುರ್ಚಿಗಳು ಬಿದ್ದವು. ಯಜಮಾನರು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಒಂಬತ್ತು ಮಹಡಿಯ ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದೆ ಎಂಬುದು ಮಾತ್ರ ನೆನಪಿದೆ.

ಅಡುಗೆಯವರೇ ಬೆಂಕಿ ನಂದಿಸಿದರು. ಯಾರೂ ಸಾಯಲಿಲ್ಲ. ಶೇಖರನ ಕೈಗಳು ಮೊಣಕೈವರೆಗೆ ಸುಟ್ಟಿದ್ದವು. ಅವನನ್ನು ಕೆಳಗೆ ತಂದಾಗ ಸುತ್ತಿದ್ದದ್ದೂ ಅಂಥದೇ ಬಿಳಿ ಬಟ್ಟೆ.

ಆಮೇಲೆ ಪ್ರಶ್ನೆಗಳು ಶುರುವಾದವು. ಹೋಟೆಲಿನ ಮ್ಯಾನೇಜರು ನನ್ನ ಕಡೆ ಬೆರಳು ಮಾಡಿ ಪೊಲೀಸಿನವರಿಗೆ ಹೇಳಿದ: ‘ಬೆಂಕಿ ಕಾಣುವ ಮುಂಚೆಯೇ ಈ ಹೆಂಗಸಿಗೆ ಗೊತ್ತಿತ್ತು. ಬೀರು ತೆಗೆಸಿದ್ದೂ ಇವಳೇ.’ ನಾನು ಕೂತಿದ್ದ ಜಾಗ, ನನ್ನ ಕೈಚೀಲ, ಶೇಖರನ ಹತ್ತಿರ ಆಡಿದ ಯಾರಿಗೂ ತಿಳಿಯದ ಭಾಷೆ, ಎಲ್ಲವೂ ಅನುಮಾನದ ವಸ್ತುವಾದವು. ಎರಡು ವರ್ಷ ನಾನು ಈ ಊರನ್ನು ನೋಡಿದ ಕಣ್ಣಿನಲ್ಲೇ ಅದು ನನ್ನನ್ನು ನೋಡಿತು. ನಾನು ಕೊಬ್ಬರಿ, ಮೂಟೆ, ಅಪ್ಪ ಎಂದು ತೊದಲುತ್ತಿದ್ದೆ. ಬರೆದುಕೊಳ್ಳುತ್ತಿದ್ದವನು ಬರೆಯುವುದನ್ನೇ ನಿಲ್ಲಿಸಿದ್ದ.

ಅಗ್ನಿಶಾಮಕ ದಳದ ಹಿರಿಯರೊಬ್ಬರು ತಲೆಯೆತ್ತಿದರು. ‘ಖೋಬ್ರಂ?’ ಎಂದರು. ಮರಾಠಿಯಲ್ಲಿ ಕೊಬ್ಬರಿ. ಬಂದರಿನಲ್ಲಿ ಕೊಬ್ಬರಿ ತುಂಬಿದ ಹಡಗಿನ ಹೊಟ್ಟೆ ಹೊತ್ತಿಕೊಂಡದ್ದನ್ನು ಅವರು ಕಂಡಿದ್ದರಂತೆ. ಎಣ್ಣೆ ಪೂರಾ ಬಿಡದ ಬಟ್ಟೆಗಳನ್ನು ಬಿಸಿ ಯಂತ್ರದಲ್ಲಿ ಒಣಗಿಸಿ, ಬಿಸಿ ಆರುವ ಮುಂಚೆ ಮಡಿಸಿ, ಒತ್ತೊತ್ತಾಗಿ ಬೀರಿನಲ್ಲಿ ತುಂಬಿದ್ದರು. ‘ಈ ಬಾಯಿಯ ಮೂಗು ಸರಿ ಇದೆ, ಮನೆಗೆ ಕಳಿಸಿ,’ ಎಂದರು.

ದಸ್ತೂರ್ ಸಾಹೇಬರು ಕ್ವಾರ್ಟರ್ಸ್ ಕೊಟ್ಟರು. ‘ನಿಮ್ಮ ಹೆಂಡತಿ ನಮ್ಮ ಜೀವ ಉಳಿಸಿದರು’ ಎಂದರಂತೆ. ನಾನು ಹಣ್ಣು ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಶೇಖರನ ಕೈಗಳು ಪಟ್ಟಿಯೊಳಗೆ ದಿಂಬಿನ ಮೇಲಿದ್ದವು.

‘ಬೇಸರ ಮಾಡಬೇಡಿ ಅಮ್ಮ. ನೀವು ಹೇಳದಿದ್ದರೆ ಎಲ್ಲರೂ ಹೋಗುತ್ತಿದ್ದೆವು,’ ಎಂದ. ಆಮೇಲೆ, ಸುಮ್ಮನೆ ಮಾತಿಗೆ ಕೇಳುವ ಹಾಗೆ, ‘ವಾಸನೆ ಯಾವಾಗ ಬಂತು ನಿಮಗೆ?’ ಎಂದ.

‘ಆಗಲೇ,’ ಎಂದೆ. ‘ಬಂದ ತಕ್ಷಣ ಹೇಳಿದೆ.’

ಅವನು ನನ್ನ ಮುಖವನ್ನೇ ನೋಡಿದ. ನಂಬಿದನೋ ಇಲ್ಲವೋ ಇವತ್ತಿಗೂ ತಿಳಿಯದು. ಮುಂದಿನ ಸಲ ಹೋದಾಗ ಮಂಚದಲ್ಲಿ ಬೇರೆಯವರಿದ್ದರು. ಊರಿಗೆ ಹೋದನೆಂದರು.

ಹೆರಿಗೆಗೆಂದು ನಾನೂ ಊರಿಗೆ ಬಂದೆ. ಮೀರಜಿನಲ್ಲಿ ಗಾಡಿ ಬದಲಿಸಿ, ಅರಸೀಕೆರೆಯಲ್ಲಿ ಇಳಿದಾಗ ತೆಂಗಿನಸಿಪ್ಪೆಯ ವಾಸನೆಗೆ ಕಣ್ಣು ತುಂಬಿತು. ಎರಡನೆಯ ದಿನ ಸಂಜೆ ಮಂಡಿಯಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಬೊಂಬಾಯಿಯಲ್ಲಿ ‘ಹೇಗೆ ಗೊತ್ತಾಯಿತು?’ ಎಂದು ಎಲ್ಲರೂ ಕೇಳಿದ್ದರು. ಅಪ್ಪ ಅದನ್ನು ಕೇಳಲಿಲ್ಲ.

‘ವಾಸ್ನೆ ಬಂದ್ ಮ್ಯಾಲೆ ಎಷ್ಟೊತ್ತು ಕೂತಿದ್ದೆ ಮಗಾ?’

ಸುಳ್ಳು ಬಾಯಿಗೆ ಬಂದಿತ್ತು. ಹೇಳಲಾಗಲಿಲ್ಲ.

‘ಎರಡು ತಟ್ಟೆ ಬದಲಾಯಿಸೋವರೆಗೂ, ಅಪ್ಪಾಜಿ.’

ಅವರು ಬೈಯಲಿಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ‘ಆ ಹುಡ್ಗುಂಗೆ ಕೈ ಸರ್ಯಾಗ್ ಮಡಚಾಕ್ ಆಯ್ತದಾ?’ ಎಂದು ಮಾತ್ರ ಕೇಳಿದರು. ಗೊತ್ತಿಲ್ಲ ಎಂದೆ.

ಬಾಗಿಲು ಹಾಕುವ ಹೊತ್ತಾಗಿತ್ತು. ‘ನೋಡವ್ವ’ ಎಂದು ಗೋಡೆಬದಿಯ ಮೂಟೆಗಳ ಕಡೆ ಕೈ ತೋರಿಸಿದರು. ತುಂಬಿದ ಹೊಟ್ಟೆಯನ್ನು ಓರೆ ಮಾಡಿ ನಿಂತು, ಬಳೆ ಮೇಲಕ್ಕೆ ಸರಿಸಿ, ಸಂದಿಗೆ ಕೈ ತೂರಿಸಿದೆ. ಗೋಣಿಯ ಒರಟು, ಧೂಳು, ಆಮೇಲೆ ತಂಪು. ಈ ಕತ್ತಲೆ ನನಗೆ ಬೊಂಬಾಯಿಯ ಯಾವ ರಸ್ತೆಗಿಂತಲೂ ಚೆನ್ನಾಗಿ ಗೊತ್ತು.

‘ತಣ್ಣಗಿದೆ, ಅಪ್ಪಾಜಿ.’

‘ಊಂ’ ಎಂದರು ಅಪ್ಪ. ನಾನು ಕೈ ತೆಗೆಯುವವರೆಗೂ ಕಾದರು. ಆಮೇಲೆ ಅಂಗಿಯ ತೋಳು ಮಡಿಸಿಕೊಂಡು, ನನ್ನ ಕಡೆ ನೋಡದೆ, ಅದೇ ಸಂದಿಗೆ ತಮ್ಮ ಕೈ ತೂರಿಸಿದರು.