ಜೂನ್ ಒಂದರಂದು ಹುಟ್ಟಿದವರು

ಬಾಗಲಗುಂಟೆಯ ಹನುಮಂತರಾಯಪ್ಪನವರ ವಠಾರದಲ್ಲಿ ಮಹಾನಂದಾಳಿಗೆ ‘ರಿಜೆಕ್ಟ್ ಅಕ್ಕ’ ಎಂದೇ ಹೆಸರು. ಲಿಂಗಸುಗೂರಿನ ಕಡೆಯಿಂದ ಗಂಡ ಸಂಗಣ್ಣನ ಜೊತೆ ಬಂದವಳು, ಹತ್ತು ವರ್ಷದಿಂದ ಪೀಣ್ಯದ ಒಂದು ಪಂಪ್ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದಳು. ಕೈಗೆ ಬಂದ ಬಿಡಿಭಾಗವನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಡಬ್ಬಕ್ಕೆ ಹಾಕುವುದು ಅವಳ ಕೆಲಸ. ಆ ಚಾಳಿ ಮನೆಗೂ ಬಂದಿತ್ತು. ಸಂಗಣ್ಣ ತಂದ ಬದನೆಕಾಯಿ ಒಂದೇ ಸಲಕ್ಕೆ ಪಾಸಾದದ್ದಿಲ್ಲ.

ವಠಾರದ ಮಾಲೀಕರ ಮಗಳು ದಿವ್ಯಾ ಮಹಡಿಯ ಮೇಲೆ ಕೂತು ಕಂಪನಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಕಾರ್ಮಿಕರಿಗೆಂದು ಪೀಣ್ಯದಲ್ಲಿ ಕಣ್ಣಿನ ತಪಾಸಣೆ ಶಿಬಿರ ನಡೆಸುವವರು ಅವಳಿಂದ ಒಂದು ಫಾರ್ಮ್ ಮಾಡಿಸಿದರು. ಹೆಸರು, ಫೋನ್ ನಂಬರ್, ಹುಟ್ಟಿದ ದಿನ. ಅಷ್ಟು ತುಂಬಿ ಒತ್ತಿದರೆ, ಅವಳು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದ ಕೋಡ್ ಅದನ್ನೆಲ್ಲ ಆಯ್ದು, ವಯಸ್ಸು ಲೆಕ್ಕ ಹಾಕಿ, ನಲವತ್ತು ದಾಟಿದವರಿಗೆ ಟೋಕನ್ ಕಳಿಸುತ್ತಿತ್ತು. ಮೊದಲು ಹುಟ್ಟಿದ ದಿನಕ್ಕೆ ಕ್ಯಾಲೆಂಡರ್ ಇಟ್ಟಿದ್ದಳು. ಎಪ್ಪತ್ತೆಂಟನೇ ಇಸವಿಯವರೆಗೆ ಹಿಂದೆ ಸರಿಸಿ ಸರಿಸಿ ಜನರ ಹೆಬ್ಬೆರಳು ನೊಂದಿತು. ಅದನ್ನು ತೆಗೆದು, ಅಂಕಿಗಳನ್ನು ಟೈಪ್ ಮಾಡುವ ಖಾಲಿ ಚೌಕ ಇಟ್ಟಳು.

ಎರಡು ದಿನಕ್ಕೆ ವೆಲ್ಡರ್ ಕೊಟ್ರಪ್ಪ ಮಹಾನಂದಾಳ ಬಾಗಿಲಿಗೆ ಬಂದ. “ಯಕ್ಕಾ, ನನಗ ಟೋಕನ್ ಬಂದಿಲ್ಲ. ಕಣ್ಣು ಮಂಜಾಗ್ಯಾವು, ನನಗ ಬಿಟ್ಟು ಮತ್ಯಾರಿಗಿ ಕೊಟ್ಟಾರ?”

ಮಹಾನಂದಾ ಅವನನ್ನು ಕರೆದುಕೊಂಡು ನೆಟ್ಟಗೆ ಮಹಡಿ ಹತ್ತಿದಳು.

“ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಬರ್ತಿದೆ ಅಕ್ಕ,” ಎಂದಳು ದಿವ್ಯಾ. “ನನ್ನದೇ ಡೇಟ್ ಹಾಕಿ ಹತ್ತು ಸಲ ನೋಡಿದೀನಿ.”

“ಅದೆಲ್ಲಾ ಇರ್ಲಿ ದಿವ್ಯಕ್ಕಾರ, ಬಂದಿದ್ದ ಪಟ್ಟಿ ತೋರಸ್ರಿ.”

ಪಟ್ಟಿಯಲ್ಲಿ ಇನ್ನೂರ ಹನ್ನೆರಡು ಹೆಸರು. ಮಹಾನಂದಾ ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. ಹದಿನೈದನೇ ಸಾಲಿನ ಹೊತ್ತಿಗೆ ನಕ್ಕೇಬಿಟ್ಟಳು.

“ಇವ್ರೆಲ್ಲಾ ಜನವರಿ ಆರಕ್ಕ ಹುಟ್ಯಾರಂತ! ಸುಳ್ಳ್ರಿ. ನಮ್ಮ ಕಡೆ ಮಂದಿ ಎಲ್ಲಾ ಜೂನ್ ಒಂದಕ್ಕ ಹುಟ್ಟಿದವ್ರು. ಸಾಲಿಗಿ ಹಾಕೋವಾಗ ಮಾಸ್ತರು ಕೊಟ್ಟ ತಾರೀಖು ಅದು. ನಂದೂ ಅದ, ನಮ್ಮ ಮನೆಯವ್ರದೂ ಅದ.”

ದಿವ್ಯಾ ಮುಂದಕ್ಕೆ ಬಾಗಿದಳು. ಜನ 1-6 ಎಂದು ಬರೆದಿದ್ದರು. ಅವರ ಫೋನಿನ ಬ್ರೌಸರ್ ಅದನ್ನು ತಿಂಗಳು ಮೊದಲು, ದಿನ ಆಮೇಲೆ ಎಂದು ಓದಿತ್ತು. ಮಹಾನಂದಾ ಸುಮ್ಮನಿರಲಿಲ್ಲ. ಕೊಟ್ರಪ್ಪನ ಕೈಯಿಂದ ಫೋನ್ ಕಸಿದು ಅವನ ದಿನವನ್ನೇ ಹಾಕಿದಳು. ಯಾರೋ ಬಳಸಿ ಕೊಟ್ಟ ಹಳೇ ಫೋನದು, ಅದರ ಬ್ರೌಸರೇ ಬೇರೆ. ಪಟ್ಟಿಯಲ್ಲಿ ಜನವರಿಯೂ ಇಲ್ಲ, ಜೂನೂ ಇಲ್ಲ. ದಿನದ ಜಾಗವೇ ಖಾಲಿ. ದಿನವಿಲ್ಲದಿದ್ದರೆ ವಯಸ್ಸಿಲ್ಲ, ವಯಸ್ಸಿಲ್ಲದಿದ್ದರೆ ಟೋಕನ್ ಇಲ್ಲ. ಅಂಥವರು ಮೂವತ್ತೊಂದು ಜನ ಸಿಕ್ಕರು.

“ನಿಮ್ಮ ತಾರೀಖು ಯಾವ್ದ್ರಿ?” ಎಂದು ಮಹಾನಂದಾ ದಿವ್ಯಾಳನ್ನು ಕೇಳಿದಳು.

ದಿವ್ಯಾ ಹಣೆ ಚಚ್ಚಿಕೊಂಡಳು. “ಎಂಟು, ಎಂಟನೇ ತಿಂಗಳು.”

ತಿರುವುಮುರುವು ಮಾಡಿದರೂ ಎಂಟು ಎಂಟೇ. ಹತ್ತಲ್ಲ, ನೂರು ಸಲ ನೋಡಿದರೂ ತಪ್ಪು ಕಾಣುತ್ತಿರಲಿಲ್ಲ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊಟ್ರಪ್ಪನಿಗೆ ಯಾಕೆಂದು ಪೂರ್ತಿ ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಆ ಸಂಜೆಯೇ ದಿವ್ಯಾ ದಿನ, ತಿಂಗಳು, ಇಸವಿಗೆ ಮೂರು ಬೇರೆ ಚೌಕ ಮಾಡಿದಳು. ಬ್ರೌಸರ್ ಊಹೆ ಮಾಡುವ ಗೊಡವೆಯೇ ಬೇಡವೆಂದು, ಮೂರನ್ನೂ ತನ್ನ ಕೋಡಿನಲ್ಲೇ ಜೋಡಿಸಿದಳು. ಮಹಾನಂದಾ ವಠಾರದವರ ಏಳು ಥರದ ಫೋನ್ ಕೂಡಿಹಾಕಿ, ಒಂದೊಂದರಲ್ಲೂ ತುಂಬಿ ನೋಡಿದಳು. ಆರು ಪಾಸಾದವು. ಏಳನೆಯದು ಕನ್ನಡ ಅಂಕಿಗಳಲ್ಲಿ ಬರೆಯುತ್ತಿದ್ದ ದೇವಕ್ಕನದು. ಜಾವಾಸ್ಕ್ರಿಪ್ಟ್‌ಗೆ ಅವು ಅಂಕಿ ಎಂದೇ ತಿಳಿಯಲಿಲ್ಲ.

“ರಿಜೆಕ್ಟ್,” ಎಂದಳು ಮಹಾನಂದಾ. ದಿವ್ಯಾ ಅದನ್ನೂ ಸರಿಮಾಡಿದಳು. ಶಿಬಿರದ ದಿನ ಕೊಟ್ರಪ್ಪನಿಗೆ ಕನ್ನಡಕ ಸಿಕ್ಕಿತು.

ವಿಷಯ ಅಲ್ಲಿಗೇ ನಿಲ್ಲಲಿಲ್ಲ. ದಿವ್ಯಾ ಕೆಲಸ ಮಾಡಿಕೊಡುತ್ತಿದ್ದ, ನಗರದ ಇನ್ನೊಂದು ತುದಿಯ ಹೂಡಿಯ ಸಣ್ಣ ಕಂಪನಿಗೆ ಫಾರ್ಮ್ ಪರೀಕ್ಷಿಸುವವರು ಬೇಕಾಗಿತ್ತು. “ಇಂಗ್ಲಿಷ್ ಬರಂಗಿಲ್ಲ, ನನ್ನ ಯಾರ್ ತಗೋತಾರ?” ಎಂದು ಮಹಾನಂದಾ ಹಿಂಜರಿದಳು. ದಿವ್ಯಾಳ ಒತ್ತಾಯಕ್ಕೆ ಹೋದ ಮೊದಲ ದಿನವೇ ಅವರ ಫಾರ್ಮಿನಲ್ಲಿ ಒಂಬತ್ತು ತಪ್ಪು ಹಿಡಿದು, ಕನ್ನಡದಲ್ಲೇ ಪಟ್ಟಿ ಬರೆದುಕೊಟ್ಟಳು.

ಈಗ ಅವಳು ಕಾರ್ಖಾನೆ ಬಿಟ್ಟು ಒಂದು ವರ್ಷ. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಹೂಡಿಗೆ ಹೋಗುತ್ತಾಳೆ. ಹೊಸದಾಗಿ ಸೇರಿದ ಹುಡುಗಿಯರು ‘ಮೇಡಂ’ ಎಂದಾಗ ಮೊದಮೊದಲು ಹಿಂದೆ ತಿರುಗಿ ನೋಡುತ್ತಿದ್ದಳು. ಈಗ ತಿರುಗುವುದಿಲ್ಲ, “ಏನವ್ವಾ?” ಎನ್ನುತ್ತಾಳೆ.