ಹಣೆಯ ಬೆವರು

ಹೋದ ವಾರ ಸೊಸೆ ಮಗುವಿನ ಹಾಲಿನ ಬಾಟಲಿಯ ರಬ್ಬರನ್ನು ಕುದಿಯಲು ಇಟ್ಟು ಮರೆತಳು. ನೀರು ಇಂಗಿ, ಬಿಸಿ ರಬ್ಬರಿನ ವಾಸನೆ ಮನೆಯೆಲ್ಲ ಹರಡಿತು. ನಾನು ಒಲೆ ಆರಿಸಿ ಅಲ್ಲೇ ನಿಂತುಬಿಟ್ಟೆ. ಅದು ಶಹಾಬಾದಿನ ಚಾಚಾ ಅವರ ಮನೆಯ ವಾಸನೆ...

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮರುವರ್ಷ ನಾನು ಅಲ್ಲಿಗೆ ಮಾಸ್ತರನಾಗಿ ಹೋಗಿ, ಅವರ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಚಾಚಾ ಫರಸಿ, ಅಂದರೆ ಚಪ್ಪಡಿ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದರು. ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಕಲ್ಲು ಎಲ್ಲಿ ಸೀಳುತ್ತದೆಂದು ಹೇಳಬಲ್ಲವರು. ಒಂದು ದಿನ ಗಣಿಯ ಅಂಚಿನಿಂದ ಬಿದ್ದರು. ಹೆಗಲುಗಳ ನಡುವೆ ಬೆನ್ನುಮೂಳೆ ಮುರಿಯಿತು. ಎದೆಯಿಂದ ಕೆಳಗಿನ ದೇಹ ಅವರದಾಗಿ ಉಳಿಯಲಿಲ್ಲ.

ಮೊದಲ ವಾರಗಳಲ್ಲಿ ಮೂತ್ರಕೋಶ ಸತ್ತಂತೆ ಬಿದ್ದಿತ್ತು. ಆಮೇಲೆ ತಾನಾಗಿ ಹಿಂಡಿಕೊಳ್ಳತೊಡಗಿತು, ಹಾಸಿಗೆ ಒದ್ದೆಯಾಗುತ್ತಿತ್ತು. ಗುಣವಾಗುತ್ತಿದೆ ಎಂದುಕೊಂಡೆವು. ಗುಲ್ಬರ್ಗಾದ ಡಾಕ್ಟರು ಅಲ್ಲವೆಂದರು. ತುಂಬಿದ್ದನ್ನು ಅರಿಯುವ ನರದ ತುದಿಗಳು ಆ ಚೀಲದ ಗೋಡೆಯಲ್ಲಿ ಇನ್ನೂ ಇವೆ, ಮೊದಲಿಗಿಂತ ಸಿಡುಕಾಗಿವೆ. ಆದರೆ ಅವುಗಳ ಸುದ್ದಿ ಮುರಿದ ಜಾಗ ದಾಟಿ ಮಿದುಳಿಗೆ ಮುಟ್ಟುವುದಿಲ್ಲ. ಚೀಲ ಹಿಂಡುವಾಗ ಅದರ ಬಾಯಿಯೂ ಬಿಗಿಯುತ್ತದೆ. ಸ್ವಲ್ಪ ಸೋರಿ, ಉಳಿದದ್ದು ಒಳಗೇ ನಿಲ್ಲುತ್ತದೆ. ರಬ್ಬರ್ ನಳಿಗೆ ಹಾಕಿಯೇ ತೆಗೆಯಬೇಕು. ಅತಿಯಾಗಿ ತುಂಬಿದರೆ ರಕ್ತದೊತ್ತಡ ಏರಿ ತಲೆ ಸಿಡಿಯುತ್ತದೆ, ಹಣೆ ಬೆವರುತ್ತದೆ. ಆಗ ತಡಮಾಡಬಾರದು.

"ಮಾಸ್ತರ, ನಿಮ್ಮ ಸಾಲಿಗಿ ಗಂಟಿ ಅದ, ನನ್ನ ಹೊಟ್ಟಿಗಿ ಅದೂ ಇಲ್ಲ ನೋಡ್ರಿ," ಎಂದು ಚಾಚಾ ನಗುತ್ತಿದ್ದರು.

"ಬಾಯಿಗಿ ಮಾತ್ರ ಏನೂ ಆಗಿಲ್ಲ ಇವರಿಗಿ," ಎನ್ನುತ್ತಿದ್ದರು ಅವರ ಹೆಂಡತಿ, ಚಾಚಿ.

ಚಾಚಿಯೇ ದಿನಕ್ಕೆ ನಾಲ್ಕು ಸಲ ನಳಿಗೆ ಕುದಿಸಿ ಹಾಕುತ್ತಿದ್ದರು. ನನಗೂ ಕಲಿಸಿದ್ದರು. ಎರಡು ಸಲ ನಾನೇ ಹಾಕಿದ್ದೆ. ಎರಡೂ ಸಲ ಚಾಚಾ ಮುಖದ ಮೇಲೆ ಟವೆಲ್ ಎಳೆದುಕೊಂಡಿದ್ದರು.

ಮೇ ತಿಂಗಳಲ್ಲಿ ಚಿತ್ತಾಪುರದಲ್ಲಿದ್ದ ಚಾಚಿಯ ಅಕ್ಕ ತೀರಿಕೊಂಡರು. ಬೆಳಿಗ್ಗೆ ಹೊರಡುವಾಗ ಚಾಚಿ ಬಾಗಿಲಲ್ಲಿ ನಿಂತು, "ಮಧ್ಯಾಹ್ನಕ್ಕ ನಳಿ ಹಾಕ್ರಿ ಮಾಸ್ತರ. ನಡುವ ಹಣಿ ಬೆವತ್ರ ಆವಾಗೇ ಹಾಕ್ರಿ," ಎಂದರು.

ಮಧ್ಯಾಹ್ನ ನಳಿಗೆ ಕುದಿಸಿ ತಂದೆ. ಚಾಚಾ ನನ್ನ ಕೈ ಹಿಡಿದರು. "ಬ್ಯಾಡ್ರಿ. ಆಕಿ ಬರಲಿ. ಹಾಸಿಗಿ ಹಸಿ ಆಗ್ಯದ, ಅಂದ್ರ ಖಾಲಿ ಆಗ್ಯದಲ್ಲ."

ಸೋರಿದ್ದು ಖಾಲಿಯಾದದ್ದಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಆದರೂ ನನಗೆ ಹಗುರೆನಿಸಿತು... ಆ ಕೆಲಸ ತಪ್ಪಿತಲ್ಲ ಎಂದು.

ಮೂರು ಗಂಟೆಗೆ ಅವರ ಹಣೆ ಬೆವರುತ್ತಿತ್ತು. ನನ್ನದೂ ಬೆವರುತ್ತಿತ್ತು. ಮಾಳಿಗೆಗೆ ಹೊದಿಸಿದ ಫರಸಿ ಕಾದು ಕೋಣೆ ಭಟ್ಟಿಯಂತಾಗಿತ್ತು. ಬಿಸಿಲೇ ಕಾರಣವೆಂದು ಬೀಸಣಿಗೆ ಬೀಸಿದೆ. "ತಲಿ ಒಡಿಲಿಕತ್ತದ," ಎಂದರು. ನಾನು ಮಡಕೆಯ ನೀರು ಕುಡಿಸಿದೆ. ಒಂದು ತಂಬಿಗೆ, ಮತ್ತೊಂದು. ಈಗಲೂ ನನ್ನನ್ನು ಕೊರೆಯುವುದು ಆ ಎರಡನೆಯ ತಂಬಿಗೆ. ಮುಖ ಕೆಂಪಾಯಿತು, ಮಾತು ತೊದಲಿತು. ಆಮೇಲಷ್ಟೇ ನಳಿಗೆ ಎತ್ತಿಕೊಂಡೆ. ಚೀಲದ ಬಾಯಿ ಬಿಗಿದಿತ್ತು, ನಳಿಗೆ ಒಳಗೆ ಹೋಗಲಿಲ್ಲ.

ಡಾಕ್ಟರನ್ನು ಕರೆಯಲು ಓಡುವಾಗ ಚಾಚಿ ಎದುರಾದರು. ಅವರು ಒಳಗೆ ಬಂದು ಒಂದೇ ಸಲಕ್ಕೆ ನಳಿಗೆ ಹಾಕಿದರು. ಬೋಗುಣಿ ತುಂಬಿತು, ಇನ್ನೊಂದು ತಂದೆ, ಅದೂ ಅರ್ಧವಾಯಿತು. ಚಾಚಾ ಕಣ್ಣು ತೆರೆಯಲಿಲ್ಲ. ತಲೆಯಲ್ಲಿ ರಕ್ತನಾಳ ಒಡೆದಿದೆ ಎಂದರು ಆಮೇಲೆ ಬಂದ ಡಾಕ್ಟರು. ಮೂರನೆಯ ದಿನ ಚಾಚಾ ಹೋದರು.

ಮಣ್ಣು ಕೊಟ್ಟು ಬಂದವರು ಏನಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಚಾಚಿಯ ದನಿ ಬಂತು: "ಬಿಸಲು ಭಾಳ ಇತ್ತಲ್ರಿ. ಬಿಸಲಿಗಿ ಹೋದ್ರು."

ಮುಂದಿನ ವರ್ಷ ನನಗೆ ಸೇಡಂಗೆ ವರ್ಗವಾಯಿತು. ಯಾರು ಕೇಳಿದರೂ ನಾನು ಅದನ್ನೇ ಹೇಳುತ್ತ ಬಂದೆ. ಈಗ ಚಾಚಿಯೂ ಇಲ್ಲ. ಅಂದು ಅವರು ನನ್ನನ್ನು ಉಳಿಸಿದರೋ, ಕ್ಷಮಿಸಿದರೋ, ಅಥವಾ ನಿಜವಾಗಿಯೂ ಹಾಗೆಂದೇ ನಂಬಿದ್ದರೋ... ಎದುರು ಕುಳಿತು ಕೇಳುವ ಧೈರ್ಯ ನನಗೆ ಬರುವಷ್ಟರಲ್ಲಿ, ಉತ್ತರ ಹೇಳುವವರು ಇರಲಿಲ್ಲ.