ಕಾನಿಸ್ಪಿ ಶಿಬಿರದ ಪುಕ್ಕಲ

ಇರಾನಿನಿಂದ ಓಡಿಬಂದ ಕುರ್ದರು ಇರಾಕಿನ ಗಡಿಯಲ್ಲಿ ನೆಲೆಸಿದ್ದ ಕಾನಿಸ್ಪಿ ಶಿಬಿರದಲ್ಲಿ, ರೊಟ್ಟಿ ಸುಡುವ ಖಿದಿರ್ ಮಾಮನಷ್ಟು ಪುಕ್ಕಲ ಇನ್ನೊಬ್ಬನಿರಲಿಲ್ಲ. ದುಂಬಿ ಗುಂಯ್ ಎಂದರೂ ಅವನಿಗೆ ಅದು ಇರಾನಿನ ಡ್ರೋನ್. ರೊಟ್ಟಿಯನ್ನು ತಂದೂರಿನಲ್ಲೇ ಬಿಟ್ಟು ಗೋಡೆಗೆ ಅಂಟಿಕೊಂಡುಬಿಡುತ್ತಿದ್ದ. ಸೀದ ರೊಟ್ಟಿ ಹಿಡಿದು ಹೆಂಗಸರು, "ಮಾಮ, ಇವತ್ತು ಎಷ್ಟು ಡ್ರೋನ್ ಬಂದ್ವು?" ಎಂದು ಕಿಚಾಯಿಸಿದರೆ, "ನಗ್ರಮ್ಮಾ, ನಗ್ರಿ. ನಮ್ಮನ್ನ ಇಲ್ಲಿ ಇರೋಕೆ ಬಿಡೋದಕ್ಕೆ ಬಾಗ್ದಾದಿನ ಸರ್ಕಾರದವರು ಏನಂದ್ರು, ಮೊದ್ಲು ಅದನ್ನ ಹೇಳಿ" ಎನ್ನುತ್ತಿದ್ದ. ಗಡಿಯಾಚೆ ಇರಾನಿನ ಬೀದಿಗಳಲ್ಲಿ ಹುಡುಗಿಯರು ತಲೆವಸ್ತ್ರ ಸುಟ್ಟು ಘೋಷಣೆ ಕೂಗತೊಡಗಿದ ಮೇಲಂತೂ ಅವನಿಗೆ ನಿದ್ದೆಯೇ ಹಾರಿಹೋಯಿತು. "ಅಲ್ಲಿ ಅವರು ಕೂಗಿದ್ದು ಇಲ್ಲಿ ನಮ್ಮ ತಲೆ ಮೇಲೆ ಬೀಳುತ್ತೆ, ನೋಡ್ತಿರಿ" ಎನ್ನುತ್ತಿದ್ದ. ಹಾಗೇ ಆಯಿತು. ಇರಾನಿನ ಕ್ಷಿಪಣಿ ಬಿದ್ದು ಶಿಬಿರದ ಶಾಲೆಯ ಗೋಡೆ ಕುಸಿದ ದಿನದಿಂದ ಅವನನ್ನು ನೋಡಿ ಯಾರೂ ನಗಲಿಲ್ಲ. ಮರುವರ್ಷ ಎರಡೂ ದೇಶಗಳು ಕೈಕುಲುಕಿ, ಗಡಿಯ ಶಿಬಿರಗಳನ್ನು ಎತ್ತಿಸಲು ಒಪ್ಪಿದವು. ಶಿಬಿರದವರನ್ನು ಗಡಿಯಿಂದ ದೂರ ಒಯ್ಯಲು ಲಾರಿ ಬಂದಾಗ ಎಲ್ಲರಿಗಿಂತ ಮೊದಲು ಹತ್ತುವವನು ಖಿದಿರ್ ಮಾಮನೇ ಎಂದು ಜನ ತಿಳಿದಿದ್ದರು. ಅವನೋ ಹಿಟ್ಟು ನಾದುತ್ತ ಕೂತಿದ್ದ. "ಏಳು ಮಾಮ, ಇಲ್ಲೇ ಇದ್ರೆ ಸಾಯ್ತೀಯ" ಎಂದ ನೆರೆಮನೆಯ ಶೇರ್ಕೋ. ಮಾಮ ಹಿಟ್ಟಿಗೆ ಇನ್ನಷ್ಟು ನೀರು ಚಿಮುಕಿಸಿದ. "ಹೋದ ಚಳಿಗಾಲದಲ್ಲಿ ನನ್ನ ತಂಗಿ ಮಗಳು ಅಲ್ಲಿ ಪೊಲೀಸರಿಂದ ತಪ್ಪಿಸ್ಕೊಂಡು ಗಡಿ ದಾಟೋಕೆ ಬೆಟ್ಟ ಹತ್ತಿದ್ಲು ಕಣೋ. ಕಾನಿಸ್ಪಿಗೆ ಬಂದು ರೊಟ್ಟಿ ಸುಡೋನನ್ನ ಕೇಳು ಅಂತ ಫೋನಲ್ಲಿ ನಾನೇ ಹೇಳಿದ್ದೆ. ಇನ್ನೂ ಬಂದಿಲ್ಲ. ಬಂದಾಗ ಇಲ್ಲಿ ಯಾರಾದ್ರೂ ಇರ್ಬೇಕಲ್ವೇನೋ?" ಲಾರಿ ಹೊರಟಿತು. ಖಾಲಿ ಶಿಬಿರದಲ್ಲಿ ಮಾಮ ಒಮ್ಮೆ ಆಕಾಶ ನೋಡಿ, ತಂದೂರಿಗೆ ಬೆಂಕಿ ಹಚ್ಚಿದ.